ರಾಜಧಾನಿ ಹೋದಮೇಲೆ ಉಳಿದ ಊರು

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಸರಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುತ್ತದೆ, ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತದೆ. ಏಪ್ರಿಲ್, ಮೇ ಎರಡೂ ತಿಂಗಳು ಹೀಗೆಯೇ. ಬಿಸಿಲಿನ ಮುಂದೆ ಸರಕಾರವೂ ತಲೆಬಾಗುವ ಊರು ಕಲಬುರಗಿ. ಪರೀಕ್ಷೆ ಬರೆಯಲು, ಕೋರ್ಟಿನ ಕೆಲಸಕ್ಕೆ, ವರ್ಗಾವಣೆಯ ಆದೇಶ ಹಿಡಿದುಕೊಂಡು ಆ ದಿನಗಳಲ್ಲಿ ಇಲ್ಲಿಗೆ ಬಂದವರು ರೈಲ್ವೆ ಸ್ಟೇಷನ್ನಿನಿಂದ ಜಗತ್ ಸರ್ಕಲ್‌ವರೆಗಿನ ಒಂದು ಮಧ್ಯಾಹ್ನವನ್ನು ಮಾತ್ರ ಕಂಡು ಹೋಗುತ್ತಾರೆ. ಹೋದಲ್ಲೆಲ್ಲ ಅದನ್ನೇ ಹೇಳುತ್ತಾರೆ. ಹೀಗೆ ಒಂದು ಊರಿನ ಹೆಸರು ಅದರ ಅತ್ಯಂತ ಕಠಿಣವಾದ ಎರಡು ತಿಂಗಳುಗಳಿಗೆ ಅಂಟಿಕೊಂಡುಬಿಟ್ಟಿದೆ.

ಕಳೆದ ವಾರ ಬೆಂಗಳೂರಿನಿಂದ ಸೋದರಳಿಯ ಫೋನ್ ಮಾಡಿದ್ದ. ಅವನೂ ಅವನ ಗೆಳೆಯರೂ ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಹೊಂದಿಸಿಕೊಂಡಿದ್ದಾರೆ. ನೂಕುನುಗ್ಗಲಿಲ್ಲದ, ವಿಶಾಲವಾದ, ಸದ್ದಿಲ್ಲದ ಊರೊಂದನ್ನು ನೋಡುವ ಆಸೆ ಅವರಿಗೆ. ಮ್ಯಾನ್ಮಾರ್ ದೇಶದ ರಾಜಧಾನಿ ನೇಪಿಡಾದ ವಿಡಿಯೊ ನೋಡಿದ್ದನಂತೆ. “ಮಾಮಾ, ಇಪ್ಪತ್ತು ಲೇನಿನ ರಸ್ತಾ ಅದ, ಅದರ ಮ್ಯಾಲ ಒಂದು ಗಾಡಿ ಇಲ್ಲ. ನವೆಂಬರಿನಿಂದ ಅಲ್ಲಿ ಮಳಿನೂ ಇರಂಗಿಲ್ಲಂತ” ಅಂದ. ಅವನ ಕುತೂಹಲ ನನಗೆ ಹಿಡಿಸಿತು. ಆದರೆ 2021ರ ಸೇನಾ ಕ್ಷಿಪ್ರಕ್ರಾಂತಿಯ ನಂತರ ಆ ದೇಶದಲ್ಲಿ ಜಗಳ ನಿಂತಿಲ್ಲ. 2025ರ ಮಾರ್ಚ್ 28ರ ಭೂಕಂಪ ಆ ರಾಜಧಾನಿಯ ಕಟ್ಟಡಗಳನ್ನೂ ಬಿಡಲಿಲ್ಲ. ಸಂಕಟದಲ್ಲಿರುವ ಮನೆಗೆ ತಿರುಗಾಟಕ್ಕೆಂದು ಹೋಗುವುದು ಚಂದವಲ್ಲ. ನಾನು ಅವನಿಗೆ ಹೇಳಿದ್ದು ಇಷ್ಟೇ: “ಈ ಸಲ ಊರಿಗೇ ಬಾರಪ್ಪಾ. ನೀ ಹುಡುಕೋದು ಇಲ್ಲೇ ಅದ.”

ಫೋನಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೇಪಿಡಾ ಹುಕುಂ ಮೇಲೆ ಎದ್ದ ಊರು. 2005ರ ನವೆಂಬರಿನಲ್ಲಿ ಅಲ್ಲಿಯ ಸೇನಾ ಆಡಳಿತ ಯಾಂಗೊನ್ ಬಿಟ್ಟು, ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರಕ್ಕೆ ತನ್ನ ಕಚೇರಿಗಳನ್ನು ಸಾಗಿಸಿತು. ನೌಕರರು ಗಂಟುಮೂಟೆ ಕಟ್ಟಿಕೊಂಡು ಹಿಂದೆ ನಡೆದರು. ರಸ್ತೆ ಮೊದಲು ಬಂತು, ಜನ ಆಮೇಲೆ ಬರಲಿ ಎಂಬ ಲೆಕ್ಕ. ಇಂಥ ಲೆಕ್ಕ ನಮ್ಮ ನೆಲಕ್ಕೆ ಹೊಸದಲ್ಲ. ಕಲಬುರಗಿಯಿಂದ ದಕ್ಷಿಣಕ್ಕೆ ಒಂದು ತಾಸಿನೊಳಗೆ ತಲುಪಬಹುದಾದ ಭೀಮಾ ತೀರದಲ್ಲಿ ಅದರ ಗುರುತು ನಿಂತಿದೆ.

ಅದು ಫಿರೋಜಾಬಾದ್. ಬಹಮನಿ ಸುಲ್ತಾನ ಫಿರೋಜ್ ಷಾ 1397ರಿಂದ 1422ರವರೆಗೆ ಆಳಿದ. 1400ರ ಆಸುಪಾಸಿನಲ್ಲಿ ಅವನು ಹೊಳೆಯ ದಂಡೆಯ ಬಯಲಿನಲ್ಲಿ ಹೊಸ ಅರಮನೆ ನಗರ ಕಟ್ಟಿಸಿದ. ಮೂರು ದಿಕ್ಕಿಗೆ ಕೋಟೆಗೋಡೆ, ಪಡುವಲಕ್ಕೆ ಭೀಮೆಯೇ ಗಡಿ. ಒಳಗೆ ದೊಡ್ಡ ಮಸೀದಿ, ಅರಮನೆಯ ಆವರಣಗಳು, ಹಮಾಮು. ಫಿರೋಜ್ ಷಾ ತೀರಿಕೊಂಡ ಕೆಲವೇ ವರ್ಷಗಳಲ್ಲಿ ದರಬಾರು ಬೀದರಿಗೆ ಹೋಯಿತು. ದರಬಾರಿನ ಹೊರತು ಬೇರೆ ಬೇರು ಇರದ ಊರು ಅಲ್ಲಿಗೇ ಒಣಗಿತು. ಈಗ ಕೋಟೆಗೋಡೆಯ ಒಳಗೆ ಹೊಲಗಳಿವೆ. ಜಾರ್ಜ್ ಮಿಷೆಲ್ ಮತ್ತು ರಿಚರ್ಡ್ ಈಟನ್ ಈ ನಗರದ ಬಗ್ಗೆಯೇ 1992ರಲ್ಲಿ ಒಂದು ಪುಸ್ತಕ ತಂದರು. ದೂರದ ವಿದ್ವಾಂಸರು ಕಲ್ಲು ಕಲ್ಲನ್ನೂ ಅಳೆದು ಹೋದ ಈ ಜಾಗವನ್ನು ಕಲಬುರಗಿಯಲ್ಲೇ ಹುಟ್ಟಿ ಬೆಳೆದ ಎಷ್ಟೋ ಮಂದಿ ನೋಡಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ದರಬಾರು ಹೊರಟಾಗ ಫಿರೋಜಾಬಾದು ಸತ್ತಿತು, ಆದರೆ ಕಲಬುರಗಿ ಸಾಯಲಿಲ್ಲ. ಯಾಕೆ? ನಮ್ಮೂರಿಗೆ ಬರುವವರು ಈ ಒಂದು ಪ್ರಶ್ನೆಯನ್ನು ಕಿಸೆಯಲ್ಲಿಟ್ಟುಕೊಂಡು ಬರಲಿ ಎಂಬುದು ನನ್ನ ಬಿನ್ನಹ.

ಬರುವ ಕಾಲ ನವೆಂಬರಿನಿಂದ ಫೆಬ್ರುವರಿ. ಮಳೆ ನಿಂತಿರುತ್ತದೆ, ಕರಿಮಣ್ಣಿನ ಕೆಸರು ಆರಿರುತ್ತದೆ, ಬೆಳಗಿನಲ್ಲಿ ಶಾಲು ಬೇಕೆನ್ನಿಸುವ ಚಳಿ. ನವೆಂಬರಿನಲ್ಲಿ ತೊಗರಿ ಹಳದಿ ಹೂ ಬಿಟ್ಟಿರುತ್ತದೆ. ಡಿಸೆಂಬರ್ ಕಳೆಯುತ್ತಿದ್ದಂತೆ ಕೊಯ್ಲು, ರಾಶಿ. ಜನವರಿಗೆ ಜೋಳದ ತೆನೆ ಹಾಲು ತುಂಬಿ ಸೀತನಿಯ ಹದಕ್ಕೆ ಬರುತ್ತದೆ. ಬೆಂಗಳೂರಿನವರು ರಾತ್ರಿ ರೈಲು ಹತ್ತಿದರೆ ಬೆಳಗಿಗೆ ಇಲ್ಲಿರುತ್ತಾರೆ. ಮೂರು ದಿನ ಇಟ್ಟುಕೊಳ್ಳಿ. ಬೀದರಿಗೋ ಸೋಲಾಪುರಕ್ಕೋ ಹೋಗುವ ದಾರಿಯಲ್ಲಿ ಎರಡು ತಾಸು ಇಳಿದು ಹೋಗುವವರಿಗೆ ಈ ಊರು ಮುಖ ತೋರಿಸುವುದಿಲ್ಲ.

ಮೊದಲ ಬೆಳಗು ಕೋಟೆಗೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ದಿಲ್ಲಿಯ ಹಿಡಿತದಿಂದ ಬಿಡಿಸಿಕೊಂಡು ಹೊಸ ರಾಜ್ಯ ಕಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ಸುಮಾರು ಎಂಬತ್ತು ವರ್ಷ ದಖ್ಖನಿನ ದೊಡ್ಡ ಪಾಲು ಇಲ್ಲಿಂದಲೇ ಆಳಿಸಿಕೊಂಡಿತು. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಕಟ್ಟಿದವನು ಇರಾನಿನ ಕಜ್ವೀನ್ ಮೂಲದ ರಫಿ. ನಮ್ಮ ದೇಶದ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ಕಾಣುವ ತೆರೆದ ಅಂಗಳ ಇದಕ್ಕಿಲ್ಲ. ಇಡೀ ಕಟ್ಟಡಕ್ಕೆ ಸೂರಿದೆ. ಸುತ್ತಲಿನ ಓಣಿಯಂಥ ಸಾಲುಗಳಲ್ಲಿ ಅಗಲವಾದ, ನೆಲದಿಂದ ಸ್ವಲ್ಪವೇ ಮೇಲಕ್ಕೆ ಶುರುವಾಗುವ ಕಮಾನುಗಳು ಒಂದರ ಹಿಂದೊಂದು ನಿಂತಿವೆ. ಹೊರಗಿನ ಬೆಳಕು ಆ ಕಮಾನುಗಳ ನಡುವೆ ಸೋಸಿಕೊಂಡು ಬರುತ್ತದೆ. ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಮೈಮೇಲೆ ತಣ್ಣನೆಯ ಕೈ ಇಟ್ಟಂತಾಗುತ್ತದೆ. ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಫೋಟೊ ಆಮೇಲೆ ತೆಗೆದರಾಯಿತು. ಹೊರಬಂದಮೇಲೆ ಬಾರಾ ಗಜಿ ತೋಪು ನೋಡಿ. ಅದರ ಉದ್ದ 29 ಅಡಿ.

ಇಳಿಹೊತ್ತಿಗೆ ಊರಿನ ಮೂಡಣ ಅಂಚಿನ ಹಫ್ತ್ ಗುಂಬಜ್‌ಗೆ ಹೋಗಿ. ಬಹಮನಿ ಮನೆತನದ ಏಳು ಗೋರಿಗಳು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಜೋಡಿ ಗುಮ್ಮಟದ್ದು, ಆ ಫಿರೋಜ್ ಷಾನದೇ. ಹೊಳೆದಂಡೆಯಲ್ಲಿ ಹೊಸ ನಗರ ಕಟ್ಟಿಸಿದವನು ಕೊನೆಗೆ ಮಲಗಿದ್ದು ಕಲಬುರಗಿಯ ಮಣ್ಣಿನಲ್ಲೇ.

ಸಂಜೆಯಾದಮೇಲೆ ಎರಡು ಬಾಗಿಲುಗಳಿಗೆ ಹೋಗಬೇಕು. ನನ್ನ ಪ್ರಶ್ನೆಗೆ ಉತ್ತರ ಅಲ್ಲಿದೆ. ಒಂದು, ಖ್ವಾಜಾ ಬಂದೇನವಾಜರ ದರ್ಗಾ. ತೈಮೂರನ ದಾಳಿಯ ಕಾಲಕ್ಕೆ ದಿಲ್ಲಿ ಬಿಟ್ಟ ಈ ಸೂಫಿ ಸಂತರು ಇಳಿವಯಸ್ಸಿನಲ್ಲಿ ಕಲಬುರಗಿಗೆ ಬಂದು ನೆಲೆಸಿದರು. ತೀರಿಕೊಂಡಿದ್ದು 1422ರಲ್ಲಿ, ಫಿರೋಜ್ ಷಾ ಹೋದ ವರ್ಷವೇ. ಇನ್ನೊಂದು, ಶರಣಬಸವೇಶ್ವರರ ಗುಡಿ. 1746ರಲ್ಲಿ ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರಗಿಯಲ್ಲಿ ನೆಲೆನಿಂತು, 1822ರಲ್ಲಿ ಲಿಂಗೈಕ್ಯರಾದ ಶರಣರು ಹಸಿದವರಿಗೆ ಅನ್ನ ನೀಡುವ ದಾಸೋಹದಿಂದಲೇ ದೊಡ್ಡವರಾದವರು. ಸುಲ್ತಾನನ ಗೋರಿಯ ಮುಂದೆ ಸಂಜೆ ಯಾರೂ ಇರುವುದಿಲ್ಲ. ಈ ಎರಡು ಬಾಗಿಲುಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ದರ್ಗಾದ ಎದುರು ಹೂವಿನ ಚಾದರ್ ಮಾರುವವರು, ಗುಡಿಯ ಎದುರು ಕಾಯಿ ಮಾರುವವರು, ಜಾತ್ರೆಗೂ ಉರುಸಿಗೂ ಒಂದೇ ಎತ್ತಿನಗಾಡಿಯಲ್ಲಿ ಬಂದ ಹಳ್ಳಿಗಳು, ಅವರ ತೊಗರಿಗಾಗಿ ತೆರೆದುಕೊಂಡ ಬಜಾರು ಸೇರಿ ಈ ಊರನ್ನು ಹಿಡಿದು ನಿಲ್ಲಿಸಿದವು. ದರಬಾರು ಅವರನ್ನು ಕರೆತಂದಿರಲಿಲ್ಲ. ಹಾಗಾಗಿ ಅದು ಹೋದಾಗ ಅವರು ಹಿಂದೆ ಹೋಗಲಿಲ್ಲ.

ಎರಡನೆಯ ದಿನ ಫಿರೋಜಾಬಾದು, ಅಲ್ಲಿಂದ ಮಳಖೇಡ. ಕಾಗಿಣಾ ದಂಡೆಯ ಈ ಸಣ್ಣ ಊರೇ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. 972ರಲ್ಲಿ ಪರಮಾರ ಸೀಯಕ ಇದನ್ನು ಸೂರೆ ಮಾಡಿದ. ಅರಮನೆಯ ಒಂದು ಕಂಬವೂ ಇಂದು ನಮಗೆ ದಾರಿ ತೋರಿಸುವುದಿಲ್ಲ. ಆದರೆ ಆ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಉಳಿಯಿತು. ಇವತ್ತು ಈ ಅಂಕಣ ಬರೆಯುವ ಭಾಷೆಯಲ್ಲಿ ನಮಗೆ ಸಿಕ್ಕಿರುವ ಮೊದಲ ಲಕ್ಷಣ ಗ್ರಂಥ ಅದು. ಒಂದೇ ಜಿಲ್ಲೆಯೊಳಗೆ ಮೂರು ರಾಜಧಾನಿಗಳು. ಒಂದು ಪುಸ್ತಕವಾಗಿ ಉಳಿಯಿತು, ಒಂದು ಬರೀ ಗೋಡೆಯಾಗಿ, ಇನ್ನೊಂದು ಜನರಾಗಿ. ಯಾವ ಪಠ್ಯಪುಸ್ತಕವೂ ಇಷ್ಟು ಸ್ಪಷ್ಟವಾಗಿ ಕಲಿಸಲಾರದ ಇತಿಹಾಸವನ್ನು ಎರಡು ದಿನದ ತಿರುಗಾಟ ಕಲಿಸುತ್ತದೆ. ನಮ್ಮ ಶಾಲಾ ಪ್ರವಾಸಗಳು ಪ್ರತಿ ಡಿಸೆಂಬರಿಗೆ ಮೈಸೂರಿನ ದಾರಿ ಹಿಡಿಯುತ್ತವೆ. ಹೋಗಲಿ, ಮಕ್ಕಳು ಮೈಸೂರನ್ನೂ ನೋಡಲಿ. ಮೊದಲು ಮಾನ್ಯಖೇಟವನ್ನು ನೋಡಿ ಹೋಗಲಿ.

ಮೂರನೆಯ ದಿನ ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್, ಬೀದರಿನ ಕಡೆಗೆ ಹೋಗುವ ಹಾದಿಯಲ್ಲಿದೆ. ಅಂದರೆ ರಾಜಧಾನಿ ಹೊರಟುಹೋದ ದಿಕ್ಕಿನಲ್ಲೇ ಇದೆ. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದಮೇಲೆ ಅದೇ ದಿಕ್ಕಿಗೆ ರೈಲೂ ಓಡುತ್ತಿದೆ. ರಸ್ತೆಯಲ್ಲಿ ಹೋಗುವವರು ಕುರಿಕೋಟಾ ಸೇತುವೆಯ ಮೇಲಿಂದ ಬೆಣ್ಣೆತೊರೆಯ ನೀರು ನೋಡಬಹುದು. ಹೊಳಕುಂದಾದಲ್ಲಿ ಬಹಮನಿ ಕಾಲದ ಗುಮ್ಮಟಗಳಿವೆ.

ಕಮಲಾಪುರದ ಹೆಸರು ನಾಡಿಗೆ ಗೊತ್ತಿರುವುದು ಕೆಂಪು ಬಾಳೆಯಿಂದ. ಭೌಗೋಳಿಕ ಸೂಚಿ ಪಡೆದ ಹಣ್ಣು ಇದು. ಸಿಪ್ಪೆ ಕೆಂಪು, ತಿರುಳು ಕೆನೆಬಣ್ಣ, ಸಿಹಿ ನಿಧಾನಕ್ಕೆ ನಾಲಿಗೆಗೆ ಹತ್ತುತ್ತದೆ. ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದಕ್ಕೆ ಸುಮಾರು ಹದಿನೆಂಟು ತಿಂಗಳು ಬೇಕು. ನೀರು ಹೆಚ್ಚು ಕೇಳುತ್ತದೆ, ತಿಪ್ಪೆಗೊಬ್ಬರ ಹೆಚ್ಚು ಕೇಳುತ್ತದೆ, ಕೆಂಪು ಮಣ್ಣು ಬೇಕು. ಎಲ್ಲ ಕಡೆ ಬೆಳೆಯುವುದಿಲ್ಲ. ಕಮಲಾಪುರ ಮತ್ತು ಸುತ್ತಲಿನ ಹಳ್ಳಿಗಳ ತೋಟಗಳಲ್ಲಿ ಮಾತ್ರ ಆ ರುಚಿ. ಮಾರುಕಟ್ಟೆಯಲ್ಲಿ ತುಟ್ಟಿ ಎನ್ನುವವರು ತೋಟದ ಬದುವಿನ ಮೇಲೆ ನಿಂತು ಒಮ್ಮೆ ನೋಡಬೇಕು. ಒಂದೂವರೆ ವರ್ಷ ಒಂದೊಂದು ಗಿಡಕ್ಕೂ ನೀರುಣಿಸಿ, ಆನಿಕೆ ಕೊಟ್ಟು, ಗಾಳಿ ಬಂದ ರಾತ್ರಿ ನಿದ್ದೆಗೆಟ್ಟ ರೈತನ ಲೆಕ್ಕ ಅದರಲ್ಲಿದೆ. ರಸ್ತೆಬದಿಯಲ್ಲಿ ಕೊಳ್ಳುವಾಗ ಚೌಕಾಸಿ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಬರುವವರಿಗೆ ಇಷ್ಟು ಹೇಳಿದಮೇಲೆ ಕರೆಯುವ ನಮ್ಮ ಜವಾಬ್ದಾರಿಯನ್ನೂ ಹೇಳಬೇಕು. ದಖ್ಖನಿ ಸುಲ್ತಾನರ ಸ್ಮಾರಕಗಳ ಜೊತೆ ಕಲಬುರಗಿಯ ಸ್ಮಾರಕಗಳೂ 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿವೆ. ಆ ಪಟ್ಟಿಯಿಂದ ಮುಂದಕ್ಕೆ ಹೋಗುವುದು ದಿಲ್ಲಿಯ, ಪ್ಯಾರಿಸ್ಸಿನ ಕೆಲಸ ಇರಬಹುದು. ಕುಡಿಯುವ ನೀರು, ಶುಚಿಯಾದ ಶೌಚಾಲಯ, ನೆರಳಿಗೊಂದು ಬೇವಿನಮರ, ಕನ್ನಡದಲ್ಲಿ ನಾಲ್ಕು ಸಾಲು ವಿವರ ಹೇಳುವ ಫಲಕ ಇವು ನಮ್ಮ ಕೆಲಸ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಕೇಂದ್ರ ಕಚೇರಿ ಇರುವುದು ಇದೇ ಊರಿನಲ್ಲಿ. ನವೆಂಬರಿನಿಂದ ಫೆಬ್ರುವರಿವರೆಗೆ ಶನಿವಾರ, ಭಾನುವಾರ ತಪ್ಪದೆ ಒಂದು ಬಸ್ಸು ಫಿರೋಜಾಬಾದು, ಮಳಖೇಡಕ್ಕೂ ಇನ್ನೊಂದು ಹೊಳಕುಂದಾ, ಕಮಲಾಪುರಕ್ಕೂ ಓಡಲಿ. ಕೋಟೆಯೊಳಗೆ ತಲೆಮಾರುಗಳಿಂದ ಮನೆ ಮಾಡಿಕೊಂಡವರ ಪ್ರಶ್ನೆ ವರ್ಷಗಳಿಂದ ಬಗೆಹರಿಯದೆ ಉಳಿದಿದೆ. ಸ್ಮಾರಕ ಉಳಿಯಬೇಕು, ಅವರಿಗೂ ತಲೆಯ ಮೇಲೆ ಗೌರವದ ಸೂರು ಸಿಗಬೇಕು. ಜನರಿಂದ ಉಳಿದ ಊರು ಜನರನ್ನು ಬೀದಿಗೆ ಹಾಕಿ ಕಲ್ಲನ್ನು ಉಳಿಸಿಕೊಳ್ಳಬಾರದು.

ಅಳಿಯನಿಗೆ ಕೊನೆಗೊಂದು ಸಲಹೆ ಕೊಟ್ಟಿದ್ದೇನೆ, ನಿಮಗೂ ಅದೇ. ಸಾಧ್ಯವಾದರೆ ಎಳ್ಳ ಅಮಾವಾಸ್ಯೆ ಹಿಡಿದು ಬನ್ನಿ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುತ್ತದೆ, ಪಂಚಾಂಗ ನೋಡಿ ಟಿಕೆಟ್ ತೆಗೆಸಿ. ಅವತ್ತು ಕಲಬುರಗಿಯ ರಸ್ತೆಗಳು ಖಾಲಿ. ಸೂಪರ್ ಮಾರ್ಕೆಟ್ಟಿನಲ್ಲಿ ಅರ್ಧ ಅಂಗಡಿಗಳ ಬಾಗಿಲು ಮುಚ್ಚಿರುತ್ತವೆ. ಸದ್ದಿಲ್ಲದ ವಿಶಾಲ ರಾಜಧಾನಿ ಬೇಕೆಂದವರಿಗೆ ಅದೇ ದಿನ ಸರಿ. ಆದರೆ ಅಲ್ಲಿ ನಿಲ್ಲಬೇಡಿ, ಕಮಲಾಪುರದ ದಾರಿ ಹಿಡಿಯಿರಿ. ರಸ್ತೆಯ ಎರಡೂ ಬದಿಗೆ ಹೊಲ ಹೊಲದಲ್ಲಿ ಊರೇ ಕುಳಿತಿರುತ್ತದೆ. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿಯ ಬುಟ್ಟಿ ಬಿಚ್ಚಿರುತ್ತಾರೆ. ನೀವು ಯಾರೆಂದು ಯಾರೂ ಕೇಳುವುದಿಲ್ಲ. ಗಾಡಿ ನಿಧಾನ ಮಾಡಿದರೆ ಸಾಕು, ಬನ್ನಿಮರದ ಬುಡದಿಂದ ಒಬ್ಬ ಅಜ್ಜಿ ಕೈಮಾಡಿ ಕರೆಯುತ್ತಾಳೆ: “ಯಪ್ಪಾ, ಹಂಗೇ ಹೋಗಬ್ಯಾಡ್ರಿ. ಬರ್ರಿ, ಉಣ್ಣಬರ್ರಿ.”