ಏಟು ಬಿದ್ದ ಮೇಲೇ ಗುರಾಣಿ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ 2014ರ ಐದನೇ ಆವೃತ್ತಿಯಲ್ಲಿ ‘ಶೀಲ್ಡ್’ ಎಂಬ ಮೊದಲ ಹಂತದ ಮಂತ್ರವಿದೆ. ಏಟು ತಗುಲಿದಾಗ ಮಾಂತ್ರಿಕ ತನ್ನ ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಮಾಡಬಹುದಾದ ದಿಢೀರ್ ಪ್ರತಿಕ್ರಿಯೆ) ಬಳಸಿ ಇದನ್ನು ಹಾಕಿದರೆ, ಅವನ ಮುಂದಿನ ಸರದಿ ಶುರುವಾಗುವ ತನಕ, ಏಟು ತಗುಲಲು ಎದುರಾಳಿಯ ದಾಳದ ಒಟ್ಟು ಮುಟ್ಟಬೇಕಾದ ಅಂಕಿಯಾದ ಆರ್ಮರ್ ಕ್ಲಾಸ್‌ಗೆ 5 ಕೂಡುತ್ತದೆ. ತಗುಲಿದ ಆ ಏಟಿಗೂ ಈ ಲೆಕ್ಕ ಅನ್ವಯ. ಇದನ್ನು ಬದಲಿಸಬೇಕೆನ್ನುವವರ ವಾದಗಳನ್ನು ಒಂದೊಂದಾಗಿ ನೋಡೋಣ.

‘ದಾಳ ಉರುಳುವ ಮೊದಲೇ ಮಂತ್ರ ಹೇಳಬೇಕು, ಫಲಿತಾಂಶ ತಿಳಿದು ಹೇಳುವುದು ಮೋಸ.’ ಮಂತ್ರ ಹಾಕಲು ನಿಯಮ ಕೊಟ್ಟಿರುವ ಸಂದರ್ಭವೇ ಏಟು ತಗುಲುವುದು. ತಗುಲಿತೋ ಇಲ್ಲವೋ ಎಂದು ದಾಳ ಬೀಳದೆ ಹೇಗೆ ತಿಳಿದೀತು? ಆರ್ಮರ್ ಕ್ಲಾಸ್ 15 ಇದ್ದವನ ಮೇಲೆ ಓರ್ಕ್‌ನ ಒಟ್ಟು 17 ಬಂದರೆ ಏಟು ತಗುಲಿತು. ಶೀಲ್ಡ್ ಹಾಕಿದರೆ 15 ಹೋಗಿ 20 ಆಗಿ, ಅದೇ ಏಟು ತಪ್ಪಿತು. ಆದರೆ ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ‘ತಗುಲಿತು’ ಎಂದರೆ ಸಾಕು, 17 ಎಂದು ಬಾಯಿಬಿಡಬೇಕಿಲ್ಲ. ಒಟ್ಟು 22 ಇದ್ದಿದ್ದರೆ ಮಂತ್ರ ಹಾಕಿಯೂ ಏಟು ತಪ್ಪುತ್ತಿರಲಿಲ್ಲ. ಜೂಜು ಉಳಿದೇ ಇದೆ.

‘ಮಾಯೆಯ ಗುರಾಣಿ ಅಂದಮೇಲೆ ಫೈರ್‌ಬಾಲ್ ತಡೆಯಬೇಡವೇ?’ ಬೇಡ. ಫೈರ್‌ಬಾಲ್‌ಗೆ ಎದುರಾಗುವುದು ಡೆಕ್ಸ್ಟೆರಿಟಿ ಸೇವಿಂಗ್ ಥ್ರೋ. ಅಲ್ಲಿ ಆರ್ಮರ್ ಕ್ಲಾಸ್‌ಗೆ ಕೆಲಸವೇ ಇಲ್ಲ. ಮ್ಯಾಜಿಕ್ ಮಿಸೈಲ್‌ನಿಂದ ಶೀಲ್ಡ್ ಕಾಯುತ್ತದೆ ನಿಜ, ಆದರೆ ಅದನ್ನು ಹೆಸರಿಟ್ಟೇ ಬರೆದಿದ್ದಾರೆ. ಎಲ್ಲ ಮಂತ್ರಗಳನ್ನೂ ತಡೆಯುವಂತಿದ್ದರೆ ಒಂದನ್ನೇ ಹೆಸರಿಸುವ ಅಗತ್ಯವೇನಿತ್ತು?

‘ಮೇಜ್ ಆರ್ಮರ್ ಮಂತ್ರದ ಜೊತೆ ಇದನ್ನು ಕೂಡಿಸುವಂತಿಲ್ಲ.’ ಒಂದೇ ಮಂತ್ರವನ್ನು ಎರಡು ಸಲ ಹಾಕಿದರೆ ಮಾತ್ರ ಪರಿಣಾಮ ಕೂಡದು. ಇವೆರಡೂ ಬೇರೆ: ಮೇಜ್ ಆರ್ಮರ್ 13ಕ್ಕೆ ಡೆಕ್ಸ್ಟೆರಿಟಿ ಸೇರಿಸಿ ಬುನಾದಿ ಹಾಕುತ್ತದೆ, ಶೀಲ್ಡ್ ಅದರ ಮೇಲೆ 5 ಏರಿಸುತ್ತದೆ.

‘ಹಾಗಾದರೆ ಮಾಂತ್ರಿಕನನ್ನು ಹೊಡೆಯುವವರೇ ಇಲ್ಲ.’ ಇದ್ದಾರೆ. ದಾಳದಲ್ಲಿ ನೇರ 20 ಬಿದ್ದರೆ ಯಾವ ಆರ್ಮರ್ ಕ್ಲಾಸ್ ಕೂಡ ಕಾಯುವುದಿಲ್ಲ. ಶೀಲ್ಡ್‌ಗೆ ರಿಯಾಕ್ಷನ್ ಖರ್ಚಾದ ಮೇಲೆ, ತನ್ನ ಸರದಿ ಬರುವ ತನಕ, ರಿಯಾಕ್ಷನ್ ಬೇಡುವ ಇನ್ನೊಂದು ಮಂತ್ರವಾದ ಕೌಂಟರ್‌ಸ್ಪೆಲ್ ಹಾಕಲಾಗದು. ಮೊದಲ ಲೆವೆಲ್ಲಿನ ಮಾಂತ್ರಿಕನಿಗಂತೂ ಇರುವುದು 2 ಸ್ಪೆಲ್ ಸ್ಲಾಟ್, ಅಂದರೆ ಇಂಥ ಮಂತ್ರ ಹಾಕಲು ಎರಡೇ ಅವಕಾಶ. ಸಣ್ಣ ವಿಶ್ರಾಂತಿಯಲ್ಲಿ ದಿನಕ್ಕೊಮ್ಮೆ ಇನ್ನೊಂದು ಮರಳೀತು. ಅವನನ್ನು ಮಣಿಸಲು ಡಿಎಂಗೆ ನಿಯಮ ತಿರುಚಬೇಕಿಲ್ಲ. ಇನ್ನೆರಡು ಗಾಬ್ಲಿನ್ ಸಾಕು.

ನಿಯಮ ಹಿಡಿಸದಿದ್ದರೆ ಬದಲಿಸುವ ಹಕ್ಕು ಡಿಎಂಗೆ ಇದ್ದೇ ಇದೆ. ಆದರೆ ಅದು ತನ್ನ ಮೇಜಿನ ನಿಯಮವೆಂದು ಒಪ್ಪಿ, ಆಟಗಾರರು ಮಂತ್ರ ಆರಿಸಿಕೊಳ್ಳುವ ಮೊದಲೇ ಹೇಳಲಿ. ಪುಸ್ತಕದ ಮೇಲೆ ಹೊರಿಸುವುದು ಬೇಡ.