ವಿನೋದಕ್ಕಾಗಿ ಬಾಂಬುಗೋವಿ

ಯುದ್ಧರಂಗದಲ್ಲಿ ಕಾಲಾಳುಗಳ ಕೈಯಲ್ಲಿರತಕ್ಕ ಬಾಂಬೆಸೆಯುವ ನಳಿಗೆಯನ್ನು ಸಾಮಾನ್ಯ ಗೃಹಸ್ಥನೊಬ್ಬನು ಹಣ ಕೊಟ್ಟು ಕೊಂಡುತಂದು, ತನ್ನ ರೈಫಲ್ಲಿನ ಕೆಳಗೆ ಬಿಗಿದುಕೊಂಡು, ರಜಾದಿನದಲ್ಲಿ ಸ್ನೇಹಿತರೊಡನೆ ಬಯಲಿಗೆ ಹೋಗಿ ಹಾರಿಸಿ, ಸಂತುಷ್ಟನಾಗಿ ಮನೆಗೆ ಹಿಂದಿರುಗುವನೆಂದು ಹೇಳಿದರೆ ನಮ್ಮ ವಾಚಕರಲ್ಲಿ ಅನೇಕರು ನಂಬಲಾರರು. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇದು ಮರೆಮಾಚಿ ಮಾಡುವ ಕೆಲಸವಲ್ಲ. ಸರ್ಕಾರದ ಅನುಮತಿಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹಗಲು ಬೆಳಕಿನಲ್ಲಿ ನಡೆಸತಕ್ಕ ಒಂದು ಹವ್ಯಾಸವಿದು. ಇದನ್ನು ಶ್ರೀಮಂತ ದೇಶದ ಹುಚ್ಚೆಂದು ನಕ್ಕುಬಿಡುವುದು ಸುಲಭ. ಆದರೆ ಇದರೊಳಗೆ ಸ್ವತಂತ್ರ ಪ್ರಜೆಗಳಿಗೆ ಎಂತಹ ಆಯುಧದ ಮೇಲೆ ಹಕ್ಕುಂಟೆಂಬ ಪ್ರಶ್ನೆಯೇ ಅಡಗಿರುವುದು. ಆ ಹಕ್ಕಿಗಾಗಿ ನಮ್ಮ ದೇಶವೂ ಒಂದು ಕಾಲದಲ್ಲಿ ಬಲವಾಗಿ ವಾದಿಸಿರುವುದು. ಆದುದರಿಂದ ಸ್ವಲ್ಪ ನಿಧಾನವಾಗಿ ವಿಚಾರ ಮಾಡುವುದು ಯುಕ್ತವೆಂದು ತೋರುತ್ತದೆ.

ಮೊದಲು ಈ ಯಂತ್ರದ ಸ್ವರೂಪವನ್ನು ಹೇಳುವೆವು. ಕೋವಿಯ ಮೂಲಕ ಕೈಬಾಂಬನ್ನು ದೂರಕ್ಕೆ ಕಳುಹಿಸುವ ಯತ್ನ ಹೊಸತಲ್ಲ. ಮೊದಲನೆಯ ಮಹಾಯುದ್ಧದಲ್ಲಿಯೇ ಸಲಾಕೆಯುಳ್ಳ ಬಾಂಬನ್ನು ಕೋವಿಯ ನಳಿಗೆಯೊಳಗಿಳಿಸಿ ಹಾರಿಸುತ್ತಿದ್ದರು. ಬಳಿಕ ಕೋವಿಯ ಬಾಯಿಗೆ ಲೋಹದ ಬಟ್ಟಲನ್ನು ತೊಡಿಸಿ, ಅದರಲ್ಲಿ ಮಿಲ್ಸ್ ಬಾಂಬನ್ನಿಟ್ಟು ಎಸೆಯುವುದು ರೂಢಿಗೆ ಬಂತು. ಇವೆರಡರಲ್ಲಿಯೂ ಹಿಂದಣ ಒದೆತವು ಬಹಳ, ಕೋವಿಯೇ ಕೆಡುತ್ತಿತ್ತು. ಈಗ ಹವ್ಯಾಸಿಗಳು ಆಶಿಸುವ ಎಂ. 203 ಎಂಬ ನಳಿಗೆಯು ವಿಯೆಟ್ನಾಮ್ ಯುದ್ಧದ ಕಾಲದಲ್ಲಿ, 1969ರಲ್ಲಿ, ಅಮೆರಿಕಾದ ಸೈನ್ಯಕ್ಕೆ ಸೇರಿತು. ಇದರ ಬಾಯಿ 40 ಮಿಲಿಮೀಟರ್ ಅಗಲ. ತೂಕವು ಸುಮಾರು ಮೂರು ಪೌಂಡು. ಇದರ ತೋಟೆಯೊಳಗೆ ಮದ್ದು ಮೊದಲು ಚಿಕ್ಕದೊಂದು ಕೋಣೆಯಲ್ಲಿ ಉರಿದು, ಅಲ್ಲಿಂದ ಸಣ್ಣ ರಂಧ್ರಗಳ ಮೂಲಕ ದೊಡ್ಡ ಕೋಣೆಗೆ ಹರಿದು, ಒತ್ತಡವು ತಗ್ಗಿದ ಮೇಲೆ ಗುಂಡನ್ನು ತಳ್ಳುತ್ತದೆ. ಆದುದರಿಂದ ಹಾರಿಸುವವನ ಭುಜಕ್ಕೆ ಹೆಚ್ಚಿನ ನೋವಿಲ್ಲ. ಹಗುರವಾದ ನಳಿಗೆಯೂ ಸಾಕಾಗುತ್ತದೆ. ನಮ್ಮ ಸೈನಿಕರಿಗಾಗಿ ತಿರುಚಿನಾಪಳ್ಳಿಯ ಆಯುಧ ಕಾರ್ಖಾನೆಯಲ್ಲಿ ತಯಾರಾಗುವ ಕೋವಿಯ ಕೆಳಗಣ ನಳಿಗೆಯೂ ಇದೇ ಅಳತೆಯದು.

ಭುಜಕ್ಕೆ ಮೃದುವಾದ ಈ ವಸ್ತುವು ಬೀಳುವ ಕಡೆ ಮೃದುವಲ್ಲ. ಸೈನ್ಯದವರ ಸಿಡಿಗುಂಡು ಅರ್ಧ ಪೌಂಡಿನಷ್ಟು ತೂಗುತ್ತದೆ. ಸುಮಾರು 400 ಮೀಟರಿನವರೆಗೆ ಹೋಗುತ್ತದೆ. ಸಿಡಿದ ಸ್ಥಳದಿಂದ 5 ಮೀಟರಿನೊಳಗಿದ್ದವನು ಉಳಿಯುವುದು ಕಷ್ಟ. 130 ಮೀಟರ್ ದೂರದಲ್ಲಿದ್ದವನಿಗೂ ಚೂರು ತಗುಲಿ ಗಾಯವಾಗಬಹುದು. ಗುಂಡು ನಳಿಗೆಯಿಂದ ಹೊರಬಿದ್ದು 14 ಮೀಟರಾದರೂ ತಿರುಗುತ್ತ ಹೋಗುವವರೆಗೆ ಅದರ ಕೀಲು ಬಿಚ್ಚಿಕೊಳ್ಳದಂತೆ ಮಾಡಿರುವರು. ಹಾರಿಸಿದವನ ಪ್ರಾಣವನ್ನು ಉಳಿಸಲಿಕ್ಕಾಗಿ ಈ ಏರ್ಪಾಡು. ಎದುರಿಗಿರುವವನಿಗೆ ಅಂತಹ ಏರ್ಪಾಡು ಯಾವುದೂ ಇಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಇನ್ನು ಕಾಯಿದೆ. ಷಿಕಾಗೋ ಮೊದಲಾದ ನಗರಗಳಲ್ಲಿ ಪುಂಡರ ತಂಡಗಳು ಯಂತ್ರಕೋವಿಗಳಿಂದ ಹಾದಿಬೀದಿಯಲ್ಲಿ ಕೊಲೆಗಳನ್ನು ನಡೆಸಿದ ಮೇಲೆ, 1934ರಲ್ಲಿ ಅಮೆರಿಕಾ ಸರ್ಕಾರದವರು ರಾಷ್ಟ್ರೀಯ ಆಯುಧ ಶಾಸನವನ್ನು ಮಾಡಿದರು. ನಿಷೇಧಿಸಲು ಧೈರ್ಯವಿಲ್ಲದೆ ತೆರಿಗೆಯ ಮಾರ್ಗವನ್ನು ಹಿಡಿದರು: ಪ್ರತಿಯೊಂದು ವಿಕ್ರಯಕ್ಕೂ 200 ಡಾಲರು ತೆರಿಗೆ, ಮತ್ತು ಸರ್ಕಾರದ ದಫ್ತರದಲ್ಲಿ ದಾಖಲೆ. ಬಾಂಬುಗಳೂ ದೊಡ್ಡ ಬಾಯಿಯ ನಳಿಗೆಗಳೂ ಆಗ ಈ ಶಾಸನಕ್ಕೆ ಒಳಪಟ್ಟಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಮಿಕ್ಕ ಟ್ಯಾಂಕು ಭೇದಿಸುವ ಕೋವಿಗಳನ್ನು ಅಂಚೆಯ ಮೂಲಕ ತರಿಸಿಕೊಳ್ಳಬಹುದಾಗಿತ್ತು! 1965ರಲ್ಲಿ ಸಿರಾಕ್ಯೂಸ್ ಎಂಬ ಊರಿನಲ್ಲಿ ಕಳ್ಳರು ಅಂತಹ ಫಿನ್ಲೆಂಡಿನ ಕೋವಿಯೊಂದರಿಂದ ಹಣದ ಉಗ್ರಾಣದ ಗೋಡೆಯನ್ನೇ ಒಡೆದರು. ಅಧ್ಯಕ್ಷ ಕೆನಡಿ, ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಇವರ ಕೊಲೆಗಳಾದ ಮೇಲೆ 1968ರಲ್ಲಿ ಶಾಸನವನ್ನು ತಿದ್ದಿ, ಅರ್ಧ ಅಂಗುಲಕ್ಕಿಂತ ಅಗಲವಾದ ಬಾಯಿಯುಳ್ಳ ಕೋವಿಯನ್ನೂ, ಸಿಡಿಯತಕ್ಕ ಕೈಬಾಂಬನ್ನೂ ‘ವಿಧ್ವಂಸಕ ಸಾಧನ’ಗಳ ಪಟ್ಟಿಗೆ ಸೇರಿಸಿದರು. ಬೇಟೆಗೆ ತಕ್ಕ ಛರ್ರೆಕೋವಿಗಳಿಗೆ ಮಾತ್ರ ವಿನಾಯಿತಿ.

ಈ ತಿದ್ದುಪಡಿಯಲ್ಲಿರುವ ಮುಖ್ಯವಾದ ಅಂಶವನ್ನು ಅಧಿಕಾರಿವರ್ಗದವರು ಗಮನಿಸಬೇಕು. ನಳಿಗೆಗೊಂದು ದಾಖಲೆಯಾದರೆ ಸಾಲದು; ಸಿಡಿಯತಕ್ಕ ಗುಂಡು ಒಂದೊಂದೂ ಪ್ರತ್ಯೇಕವಾದ ವಿಧ್ವಂಸಕ ಸಾಧನವೆಂದು ಎಣಿಸಲ್ಪಟ್ಟು, ಒಂದೊಂದಕ್ಕೂ ಅರ್ಜಿ, ಬೆರಳಚ್ಚು, ಭಾವಚಿತ್ರ, 200 ಡಾಲರು, ದಾಖಲೆ ಇವೆಲ್ಲವೂ ಬೇಕು. ಅದನ್ನಿಡಲು ಸಿಡಿಮದ್ದಿಗೆ ತಕ್ಕ ಉಗ್ರಾಣವೂ ಬೇಕು. ಒಂದು ಸಲ ಹಾರಿಸಿ ಮುಗಿಸತಕ್ಕ ವಸ್ತುವಿಗೆ ಇಷ್ಟೊಂದು ಶ್ರಮಪಡುವವರು ಎಷ್ಟು ಮಂದಿ? ಪರಿಣಾಮವೇನೆಂದರೆ, ಸಾವಿರಾರು ಡಾಲರು ಸುರಿದು ನಳಿಗೆಯನ್ನು ಕೊಂಡ ಹವ್ಯಾಸಿಯು ಅದರಲ್ಲಿ ಹಾರಿಸುವುದು ಬಹುತೇಕ ಅಭ್ಯಾಸದ ತೋಟೆಗಳನ್ನು. ಅದರೊಳಗಿರುವುದು ಕಿತ್ತಳೆಬಣ್ಣದ ಪುಡಿ. ಢಬ್ಬೆಂದು ಸದ್ದು, ದೂರದಲ್ಲಿ ಒಂದು ಹಿಡಿ ಬಣ್ಣದ ಧೂಳು, ಅಷ್ಟೆ. ನಮ್ಮ ಹೋಳಿಹಬ್ಬದಲ್ಲಿ ಇದಕ್ಕಿಂತ ಕಡಮೆ ಖರ್ಚಿನಲ್ಲಿ ಹೆಚ್ಚಿನ ಬಣ್ಣ ಹಾರುತ್ತದೆ!

ತೋಟೆಯೇ ಕೋವಿಯ ಹಣೆಬರಹವನ್ನು ಬರೆಯುವುದೆಂಬುದಕ್ಕೆ ಮತ್ತೊಂದು ನಿದರ್ಶನವುಂಟು. 37 ಮಿಲಿಮೀಟರಿನ ಸಂಕೇತದ ನಳಿಗೆಯಿಂದ ಬೆಳಕಿನ ಬಾಣಗಳನ್ನೂ ಹೊಗೆಯನ್ನೂ ಮಾತ್ರ ಹಾರಿಸುವುದಾದರೆ ದಾಖಲೆಯ ಅವಶ್ಯಕತೆಯೇ ಇಲ್ಲ. ಅದೇ ನಳಿಗೆಯೊಡನೆ ಮನುಷ್ಯರ ಮೇಲೆ ಹೊಡೆಯತಕ್ಕ ರಬ್ಬರ್ ಗುಂಡುಗಳನ್ನೋ ಮರದ ಬಿಲ್ಲೆಗಳನ್ನೋ ಇಟ್ಟುಕೊಂಡರೆ, ಆ ಕ್ಷಣದಿಂದ ಅದು ವಿಧ್ವಂಸಕ ಸಾಧನವಾಗುತ್ತದೆಂದು ಸಂಬಂಧಪಟ್ಟ ಇಲಾಖೆಯವರು 1995ರಲ್ಲಿ ನಿರ್ಣಯಿಸಿದರು. ಇದು ವಿವೇಕದ ನಿರ್ಣಯವೆಂದೇ ನಮ್ಮ ಅಭಿಪ್ರಾಯ.

ಆದರೆ ಅದೇ ದೇಶದ ಕಾಯಿದೆಯಲ್ಲಿ ಅವಿವೇಕಕ್ಕೂ ಕೊರತೆಯಿಲ್ಲ. 1986ರ ಮೇ ತಿಂಗಳಿನಿಂದೀಚೆಗೆ ಹೊಸದಾಗಿ ತಯಾರಾದ ಯಂತ್ರಕೋವಿಯನ್ನು ಖಾಸಗಿ ಪ್ರಜೆಯು ಕೊಳ್ಳುವಂತಿಲ್ಲ; ಅದಕ್ಕೆ ಮುಂಚೆ ದಾಖಲೆಯಾದವುಗಳಷ್ಟೆ ಕೈಯಿಂದ ಕೈಗೆ ಹೋಗಬಹುದು. ಬಾಂಬೆಸೆಯುವ ನಳಿಗೆಗೆ ಆ ನಿರ್ಬಂಧವಿಲ್ಲ. ನಿನ್ನೆ ಕಾರ್ಖಾನೆಯಿಂದ ಹೊರಟ ನಳಿಗೆಯನ್ನೂ ತೆರಿಗೆ ಕೊಟ್ಟು ಕೊಳ್ಳಬಹುದು. ಕ್ಯಾಲಿಫೋರ್ನಿಯಾದಂತಹ ಸಂಸ್ಥಾನವು ವಿಧ್ವಂಸಕ ಸಾಧನಗಳನ್ನು ನಿಷೇಧಿಸಿದೆ. ಹಲವು ಸಂಸ್ಥಾನಗಳಲ್ಲಿ ಕೇಂದ್ರದ ದಾಖಲೆಯೊಂದೇ ಸಾಕು. ಮೊದಲು ಸ್ಥಳೀಯ ಪೋಲೀಸು ಮುಖ್ಯಾಧಿಕಾರಿಯ ರುಜು ಬೇಕಾಗಿತ್ತು. 2016ರಿಂದ ಆತನಿಗೆ ತಿಳಿವಳಿಕೆ ಕೊಟ್ಟರೆ ಸಾಕೆಂದಾಗಿದೆ.

ಹವ್ಯಾಸಿಗಳ ಪಕ್ಷದ ವಾದವನ್ನೂ ನ್ಯಾಯವಾಗಿ ಹೇಳಬೇಕಷ್ಟೆ. ದಾಖಲೆಯಾದ ಈ ನಳಿಗೆಗಳಿಂದ ಅಪರಾಧ ನಡೆದುದು ಅತ್ಯಂತ ವಿರಳವೆಂದು ಅವರು ಹೇಳುವರು. ನಿಜ. ತಾವು ಪೋಲೀಸು ವಿಚಾರಣೆಗೆ ಒಳಪಟ್ಟು, ತಿಂಗಳುಗಟ್ಟಲೆ ಕಾದು, ತೆರಿಗೆ ತೆತ್ತ ಸಭ್ಯ ಗೃಹಸ್ಥರೆನ್ನುವರು. ಅದೂ ನಿಜ. ಆದರೆ ಇವರು ಸಭ್ಯರೆಂದು ಗೊತ್ತಾದುದು ಯಾವುದರಿಂದ? ಆ ದಫ್ತರದಿಂದಲೇ ಅಲ್ಲವೆ? ದಫ್ತರದ ಫಲವನ್ನು ತೋರಿಸಿ ದಫ್ತರವೇ ಅನಾವಶ್ಯಕವೆಂದು ವಾದಿಸುವುದು, ಕಾವಲಿದ್ದುದರಿಂದ ಕಳವಾಗದ ಮನೆಯನ್ನು ತೋರಿಸಿ ಕಾವಲುಗಾರನನ್ನು ತೆಗೆದುಹಾಕೆಂದಂತೆ.

ಅವರ ಎರಡನೆಯ ವಾದವು ಇದಕ್ಕಿಂತ ಘನವಾದುದು. ಅಮೆರಿಕಾದ ರಾಜ್ಯಾಂಗದ ಎರಡನೆಯ ತಿದ್ದುಪಡಿಯು ಪ್ರಜೆಗಳು ಆಯುಧವನ್ನು ಹೊಂದುವ ಹಕ್ಕಿಗೆ ಭಂಗ ಬರಕೂಡದೆನ್ನುತ್ತದೆ. 1939ರ ಮಿಲ್ಲರ್ ಮೊಕದ್ದಮೆಯಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು, ನಳಿಗೆ ಮೊಟಕಾದ ಕೋವಿಯು ಪ್ರಜಾಸೈನ್ಯಕ್ಕೆ ಉಪಯುಕ್ತವೆಂದು ತೋರಿಬಾರದ ಕಾರಣ ರಕ್ಷಣೆಗೆ ಅರ್ಹವಲ್ಲವೆಂದಿತು. ಈ ಅಳತೆಗೋಲನ್ನು ಹಿಡಿದರೆ ಸೈನ್ಯಕ್ಕೆ ಅತ್ಯಂತ ಉಪಯುಕ್ತವಾದ ಬಾಂಬುನಳಿಗೆಗೇ ಮೊದಲ ರಕ್ಷಣೆ ದೊರೆಯಬೇಕಾಗುತ್ತದೆ! 2008ರ ಹೆಲ್ಲರ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಬೇರೆ ಅಳತೆಯನ್ನು ಹಿಡಿಯಿತು: ಜನಸಾಮಾನ್ಯರ ಬಳಕೆಯಲ್ಲಿರುವ ಆಯುಧಗಳಿಗೆ ರಕ್ಷಣೆಯುಂಟು, ಅಪಾಯಕರವೂ ಅಸಾಮಾನ್ಯವೂ ಆದವುಗಳಿಗಿಲ್ಲ. ಬಳಕೆಯ ವಸ್ತುವಾಗದಂತೆ ಕಾಯಿದೆಯೇ ತಡೆದು, ಬಳಕೆಯಲ್ಲಿಲ್ಲವಾದುದರಿಂದ ಹಕ್ಕಿಲ್ಲವೆಂದರೆ ಅದಾವ ನ್ಯಾಯವೆಂದು ಹವ್ಯಾಸಿಗಳು ಕೇಳುವರು. ಈ ಪ್ರಶ್ನೆಗೆ ನ್ಯಾಯವಾದಿಗಳ ಉತ್ತರ ತೃಪ್ತಿಕರವಾಗಿಲ್ಲವೆಂದು ನಾವು ಒಪ್ಪುವೆವು.

ಆಯುಧದ ಹಕ್ಕಿನ ಮಾತನ್ನು ಕೇಳಿ ಮೂಗುಮುರಿಯಲು ನಮಗೆ ಅಧಿಕಾರವಿಲ್ಲ. 1878ರಲ್ಲಿ ಲಾರ್ಡ್ ಲಿಟ್ಟನನ ಕಾಲದ ಆಯುಧ ಶಾಸನವು ಇಡೀ ಜನಾಂಗವನ್ನು ನಿರಾಯುಧವನ್ನಾಗಿ ಮಾಡಿತು. ಹೊಲವನ್ನು ಹಂದಿಯಿಂದ ಕಾಯಲು ರೈತನು ಲೈಸೆನ್ಸಿಗಾಗಿ ಕಚೇರಿಯ ಬಾಗಿಲಲ್ಲಿ ನಿಲ್ಲಬೇಕಾಗಿತ್ತು. ಯೂರೋಪಿಯನರಿಗೆ ಬಹುಕಾಲ ಆ ತೊಂದರೆಯಿರಲಿಲ್ಲ. ಅಹಿಂಸೆಯನ್ನು ಬೋಧಿಸಿದ ಗಾಂಧಿಯವರೇ 1918ರಲ್ಲಿ ಈ ಶಾಸನವನ್ನು ಬ್ರಿಟಿಷ್ ಆಳ್ವಿಕೆಯ ಅತ್ಯಂತ ಕರಾಳವಾದ ಕೃತ್ಯವೆಂದು ಖಂಡಿಸಿದರು. 1931ರ ಕರಾಚಿ ಕಾಂಗ್ರೆಸ್ಸು ನಿಯಮಗಳಿಗೊಳಪಟ್ಟು ಆಯುಧವನ್ನು ಹೊಂದುವುದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಿತು. 1948ರ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಅದನ್ನು ನಮ್ಮ ರಾಜ್ಯಾಂಗದಲ್ಲಿ ಬರೆಯಿಸಲು ಯತ್ನಿಸಿದರು. ಅಂಬೇಡ್ಕರರು ಒಪ್ಪಲಿಲ್ಲ; ರಾಜ್ಯಾಂಗ ಸಭೆಯೂ ಒಪ್ಪಲಿಲ್ಲ. 1959ರ ನಮ್ಮ ಕಾಯಿದೆಯಲ್ಲಿ ಆಯುಧವು ಹಕ್ಕಲ್ಲ, ಲೈಸೆನ್ಸಿನ ವಿಷಯ. 2019ರ ತಿದ್ದುಪಡಿಯಿಂದ ಒಬ್ಬನಿಗೆ ಮೂರಿದ್ದ ಕೋವಿಗಳು ಎರಡಕ್ಕಿಳಿದಿವೆ.

ಹಾಗಾದರೆ ಕರಾಚಿಯಲ್ಲಿ ಕೇಳಿದ ಹಕ್ಕಿಗೂ ಅಮೆರಿಕಾದ ಹವ್ಯಾಸಿಯ ಹಕ್ಕಿಗೂ ಭೇದವೇನು? ನಮ್ಮ ಎಣಿಕೆಯಲ್ಲಿ ಭೇದವಿರುವುದು ಆಯುಧದ ಬಲದಲ್ಲಲ್ಲ, ಹೊಣೆಯಲ್ಲಿ. ಕೋವಿಯ ಗುಂಡು ಗುರಿಯಿಟ್ಟವನ ಕಣ್ಣನ್ನು ಅನುಸರಿಸಿ ಹೋಗುತ್ತದೆ. ಅದು ಒಬ್ಬನಿಗೆ ತಗುಲಿದರೆ, ಏಕೆ ತಗುಲಿತೆಂದು ಹಾರಿಸಿದವನನ್ನು ಕೇಳಬಹುದು; ಆತ್ಮರಕ್ಷಣೆಗಾಗಿ ಎಂದಾದರೆ ಅವನು ಸಮರ್ಥಿಸಿಕೊಳ್ಳಬಹುದು. ಸಿಡಿಗುಂಡು 130 ಮೀಟರಿನ ಸುತ್ತಿನಲ್ಲಿ ಕಳ್ಳನನ್ನೂ ನೆರೆಯವನನ್ನೂ ತೊಟ್ಟಿಲಿನ ಮಗುವನ್ನೂ ಬೇರೆಬೇರೆಯೆಂದು ಅರಿಯದು. ಅಂತಹ ಆಯುಧವನ್ನು ಹಾರಿಸಿದ ಒಬ್ಬ ಮನುಷ್ಯನು ಅದರಿಂದಾದ ಪ್ರತಿಯೊಂದು ಗಾಯಕ್ಕೂ ಕಾರಣ ಹೇಳಲಾರನು. ಅದು ಸೈನ್ಯಕ್ಕೆ ಸೇರಿದುದು. ಅಲ್ಲಿ ಅಪ್ಪಣೆ ಕೊಡುವವನೂ ಹೊಣೆ ಹೊರುವ ರಾಜ್ಯವೂ ಹಿಂದೆ ಇರುವುವು. ಅದು ಸಿಡಿಯದೆ ಉಳಿದರೆ ಇನ್ನೂ ಕೆಟ್ಟದು. ಅಭ್ಯಾಸದ ಬಯಲಿನಲ್ಲಿ ಬಿದ್ದಿದ್ದು, ಕುತೂಹಲದಿಂದ ಎತ್ತಿಕೊಂಡವನ ಕೈಯಲ್ಲಿ ಅದು ಸಿಡಿಯಬಹುದು.

ಇದು ದೂರದ ಮಾತೆಂದು ತೋರಿದರೆ, ಹತ್ತಿರದ ಉದಾಹರಣೆಯುಂಟು. ಮಲೆನಾಡಿನಲ್ಲಿಯೂ ಕೇರಳದ ಕಾಡಂಚಿನಲ್ಲಿಯೂ ಹಂದಿಯನ್ನು ಕೊಲ್ಲಲು ಸಿಡಿಮದ್ದನ್ನು ತಿಂಡಿಯಲ್ಲಿ ಹುದುಗಿಸಿಡುವ ದುರಭ್ಯಾಸವಿರುವುದು. ಕೋವಿಯಿಂದ ಹಂದಿಯನ್ನು ಹೊಡೆದವನು ಹಂದಿಯನ್ನು ಹೊಡೆಯುತ್ತಾನೆ. ಮದ್ದನ್ನಿಟ್ಟವನು ಯಾವುದನ್ನು ಹೊಡೆಯುವನೆಂದು ಅವನಿಗೇ ತಿಳಿಯದು. 2020ರ ಮೇ ತಿಂಗಳಲ್ಲಿ ಪಾಲ್ಘಾಟ್ ಜಿಲ್ಲೆಯಲ್ಲಿ ಅಂತಹ ಮದ್ದು ಬಾಯಲ್ಲಿ ಸಿಡಿದು ಗಬ್ಬವಾಗಿದ್ದ ಆನೆಯು ಹೊಳೆಯಲ್ಲಿ ನಿಂತಂತೆಯೇ ಪ್ರಾಣಬಿಟ್ಟಿತು. ಅದಕ್ಕೆ ಪ್ರತಿಯಾಗಿ ಕೊಡಗನ್ನು ನೋಡಿರಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ 1861ರಿಂದಲೂ ವಿನಾಯಿತಿಯುಂಟು. ಅದನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜೆಗೊಳ್ಳುವ ಆ ಕೋವಿಯು ಯಾವ ಮನೆಯದೆಂದು ಊರಿಗೆಲ್ಲ ತಿಳಿದಿರುತ್ತದೆ. ಆಯುಧದ ಹಕ್ಕನ್ನು ಹೊಣೆಯೊಡನೆ ಹೊತ್ತ ಜನರು ಹೇಗಿರುವರೆಂದು ತಿಳಿಯಲು ಕನ್ನಡಿಗರು ಸಮುದ್ರ ದಾಟಬೇಕಾಗಿಲ್ಲ.

ಬಣ್ಣದ ಪುಡಿಯನ್ನು ಹಾರಿಸುವವನ ವಿನೋದವನ್ನು ಕಸಿದುಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ದಾಖಲೆಯಾದ ನಳಿಗೆ, ಬಯಲು, ಪುಡಿಯ ತೋಟೆ ಇಷ್ಟರಿಂದ ಯಾರಿಗೂ ಕೇಡಿಲ್ಲ. ನಮ್ಮ ಭಯವು ಬೇರೊಂದು ಕಡೆಯದು. 1934ರಲ್ಲಿ 200 ಡಾಲರೆಂದರೆ ಈಗಿನ ನಾಲ್ಕು ಸಾವಿರ ಡಾಲರಿಗೂ ಮಿಗಿಲು. ಆ ಮೊತ್ತವನ್ನು ತೊಂಬತ್ತು ವರ್ಷ ಕಳೆದರೂ ಏರಿಸಲಿಲ್ಲ. 2025ರ ಜುಲೈಯಲ್ಲಿ ಅಂಗೀಕೃತವಾದ ಶಾಸನದಿಂದ, ಸದ್ದಡಗಿಸುವ ನಳಿಗೆ, ಮೊಟಕು ಕೋವಿ ಮುಂತಾದವುಗಳ ಮೇಲಣ ತೆರಿಗೆಯನ್ನು 2026ರ ಜನವರಿಯಿಂದ ಸೊನ್ನೆಗಿಳಿಸಿದರು. ಯಂತ್ರಕೋವಿಗೂ ವಿಧ್ವಂಸಕ ಸಾಧನಗಳಿಗೂ ಮಾತ್ರ 200 ಡಾಲರು ಉಳಿದಿದೆ. ಈ ದಾಖಲೆಯ ಏರ್ಪಾಡೆಲ್ಲವೂ ತೆರಿಗೆ ವಿಧಿಸುವ ಅಧಿಕಾರದ ಆಧಾರದ ಮೇಲೆ ನಿಂತುದು. 1937ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು ಶಾಸನವನ್ನು ಎತ್ತಿಹಿಡಿದುದೂ ಅದೇ ಕಾರಣದಿಂದ. ತೆರಿಗೆಯೇ ಇಲ್ಲವಾದ ಮೇಲೆ ದಾಖಲೆಯೇತಕ್ಕೆಂದು ಆಗಲೇ ದಾವೆಗಳು ಹೂಡಲ್ಪಟ್ಟಿವೆ. ಬಾಂಬುನಳಿಗೆಯ ತೆರಿಗೆಯನ್ನೂ ತೆಗೆಯಬೇಕೆಂದು ಮುಂದೆ ಕೇಳುವವರು ಹುಟ್ಟದಿರರು. 200 ಡಾಲರು ಇಂದು ಯಾವ ಶ್ರೀಮಂತನನ್ನೂ ತಡೆಯಲಾರದು, ನಿಜ. ಆದರೆ ಒಂದೊಂದು ಸಿಡಿಗುಂಡಿಗೂ ಒಬ್ಬೊಬ್ಬ ಮನುಷ್ಯನ ಹೆಸರನ್ನು ಕಟ್ಟಿರುವ ದಫ್ತರಕ್ಕೆ ಅದೊಂದೇ ಆಧಾರವಾಗಿರುವಾಗ ಅದನ್ನು ಮುಟ್ಟಕೂಡದು. ಮುಟ್ಟಲೇಬೇಕಾದರೆ, ದಾಖಲೆಯನ್ನು ತೆರಿಗೆಯಿಂದ ಬೇರ್ಪಡಿಸಿ ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರದ ಮೇಲೆ ಮೊದಲು ನಿಲ್ಲಿಸಲಿ. ನ್ಯಾಯಾಲಯಗಳ ತೀರ್ಪು ಹೊರಡುವುದಕ್ಕೆ ಮುಂಚೆಯೇ ಈ ಕೆಲಸವು ಅಲ್ಲಿಯ ಶಾಸನಸಭೆಯಲ್ಲಿ ಆಗತಕ್ಕದ್ದು.