ಬಿದ್ದವನನ್ನು ಎಬ್ಬಿಸುವವನು

ಈಚೆಗೆ ನಾವು ದಿಬ್ಬೂರಹಳ್ಳಿಯಲ್ಲಿರುವ ನಮ್ಮ ತಮ್ಮನ ಮನೆಗೆ ಹೋಗಿದ್ದೆವು. ಅಲ್ಲಿ ರೇಷ್ಮೆಹುಳು ಹಣ್ಣಾಗಿದ್ದ ಸಮಯ. ಹಿರಿಯರೆಲ್ಲರೂ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದರಲ್ಲಿ ಮಗ್ನರಾಗಿದ್ದರು. ಜಗಲಿಯಲ್ಲಿ ತಮ್ಮನ ಮಕ್ಕಳಿಬ್ಬರೂ ನೆರೆಮನೆಯ ಹುಡುಗನೂ ಮೊಬೈಲಿನಲ್ಲಿ ಬಿ.ಜಿ.ಎಂ.ಐ. ಆಡುತ್ತಿದ್ದರು. ನಾಲ್ವರ ತಂಡಕ್ಕೆ ಒಬ್ಬರು ಕಡಮೆಯೆಂದು ನಮ್ಮನ್ನೂ ಸೇರಿಸಿಕೊಂಡರು.

ಈ ಆಟವು ನಮ್ಮ ದೇಶದಲ್ಲಿ 2021ರ ಜುಲೈಯಲ್ಲಿ ಆರಂಭವಾಗಿ, 2022ರಲ್ಲಿ ಸರ್ಕಾರದ ತಡೆಗೊಳಗಾಗಿ, 2023ರಲ್ಲಿ ಮರಳಿತು. ಗುಂಡು ತಗುಲಿದವನು ಇಲ್ಲಿ ಕೂಡಲೇ ಸಾಯುವುದಿಲ್ಲ. ನೆಲದ ಮೇಲೆ ತೆವಳುತ್ತಿರುತ್ತಾನೆ. ಜೊತೆಗಾರನೊಬ್ಬನು ಬಳಿಯಲ್ಲಿ ಸುಮಾರು 10 ಸೆಕೆಂಡು ಕದಲದೆ ಕುಳಿತರೆ ಅವನು ಏಳುವನು. ಎಲ್ಲರೂ ಬಿದ್ದರೋ, ತಂಡವೇ ಮುಗಿಯಿತು.

ಹಿರಿಯ ಹುಡುಗನು ಬಿದ್ದನು. ನಾವು ಕನಿಕರದಿಂದ ನೇರವಾಗಿ ಓಡಿದೆವು. ಅವನ ಪಕ್ಕದಲ್ಲಿಯೇ ನಾವೂ ಉರುಳಿದೆವು. "ದೊಡ್ಡಪ್ಪಾ, ಸ್ಮೋಕ್ ಹಾಕದೆ ಯಾಕೆ ಬಂದ್ರಿ?" ಎಂದು ಕಿರಿಯವನು ಆಕ್ಷೇಪಿಸಿದನು. ಹೊಡೆಯುವವನು ಎಲ್ಲಿರುವನೆಂದು ನೋಡಿ, ಅವನಿಗೂ ನಮಗೂ ನಡುವೆ ಒಂದು, ನಮ್ಮ ಮೇಲೆ ಒಂದು ಹೊಗೆಗುಂಡನ್ನೆಸೆದು, ನಮ್ಮನ್ನು ಗೋಡೆಯ ಮರೆಗೆ ತೆವಳಿ ಬರಹೇಳಿ, ಆಮೇಲೆ ಎಬ್ಬಿಸಿದನು. ಎದ್ದವನಲ್ಲಿ ಪ್ರಾಣಬಲ ಅತ್ಯಲ್ಪ. ಆದುದರಿಂದ ಬಂದೂಕಿಗೆ ಕೈಹಾಕುವ ಮುನ್ನ ಫಸ್ಟ್ ಏಡ್ ಕಿಟ್ ಬಳಸತಕ್ಕದ್ದು. ಅದು 75ರವರೆಗೆ ಏರಿಸುತ್ತದೆ. ಬ್ಯಾಂಡೇಜು ಸ್ವಲ್ಪಸ್ವಲ್ಪವಾಗಿ ಅಲ್ಲಿಯವರೆಗೇ. ಪೂರ್ತಿ 100ಕ್ಕೆ ಮೆಡ್ ಕಿಟ್ ಬೇಕು. ಎನರ್ಜಿ ಡ್ರಿಂಕ್ ನಿಧಾನವಾಗಿ ಏರಿಸುವುದು.

2007ರಲ್ಲಿ ಹೊರಬಂದ ಟೀಮ್ ಫೋರ್ಟ್ರೆಸ್ 2 ಎಂಬ ಆಟದಲ್ಲಿ ವೈದ್ಯನದು ಬೇರೆಯೇ ಪಾತ್ರ. ಗಾಯವಿಲ್ಲದವನ ಬಲವನ್ನೂ ಅವನು ಒಂದೂವರೆಪಟ್ಟು ಮಾಡಬಲ್ಲನು. ಇಲ್ಲಿ ಅಂಥ ವಿಂಗಡಣೆಯಿಲ್ಲ. ಎಲ್ಲರೂ ಹೊಡೆಯಲು ಓಡುತ್ತಾರೆ, ಚೀಲದಲ್ಲಿ ಗುಂಡುಗಳೇ ತುಂಬಿರುತ್ತವೆ. ಹೊಗೆಗುಂಡು, ಔಷಧಗಳನ್ನು ಹೆಚ್ಚಾಗಿ ಹೊತ್ತು ನಾಲ್ಕು ಹೆಜ್ಜೆ ಹಿಂದೆ ನಿಲ್ಲುವವನು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ತೀರ ಬಳಿಯಿದ್ದರೆ ಒಂದೇ ಗ್ರೆನೇಡಿಗೆ ಇಬ್ಬರೂ ಬೀಳುವರು. ತನಗೇ ಗಾಯವಾಗಿದ್ದರೆ ಮೊದಲು ತನ್ನದನ್ನೇ ಕಟ್ಟಿಕೊಳ್ಳಬೇಕು. ಇದು ಸ್ವಾರ್ಥವೆಂದು ನಮಗೆ ತೋರುವುದಿಲ್ಲ.

ಆದರೆ ನಾವು ಈ ಪ್ರಸಂಗವನ್ನು ಬರೆಯಲು ಕಾರಣ ಬೇರೆ. ಆಟ ಮುಗಿದೊಡನೆ ಅಣ್ಣನು, "ನಾನು ಐದು ಹೊಡೆದೆ, ಇವನದು ಸೊನ್ನೆ" ಎಂದು ನಕ್ಕನು. ಕಿರಿಯವನ ಮುಖ ಬಾಡಿತು; ನಾಳೆಯಿಂದ ತಾನೂ ಮುಂದೆಯೇ ಓಡುವೆನೆಂದು ಹಟ ಹಿಡಿದನು. ಆ ಐದರಲ್ಲಿ ಎಷ್ಟು ನೀನು ಎರಡನೆಯ ಸಲ ಎದ್ದಮೇಲೆ ಹೊಡೆದವು ಎಂದು ನಾವು ಅಣ್ಣನನ್ನು ಕೇಳಿದೆವು. ಬೆರಳು ಮಡಿಸಿ ಎಣಿಸಿದನು: ನಾಲ್ಕು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೋ, ನೀನು ಹಿಂದೇನೇ ಇರು, ನನ್ನ ಸ್ಮೋಕೂ ನಿಂಗೇ ಕೊಡ್ತೀನಿ" ಎಂದನು.

ಮತ್ತೊಂದು ಆಟಕ್ಕೆ ಕೈಹಾಕುವಷ್ಟರಲ್ಲಿ, ಚಂದ್ರಿಕೆ ಹಿಡಿಯಲು ಬನ್ನಿರೆಂದು ಒಳಗಿನಿಂದ ಅವರ ತಾಯಿ ಕೂಗಿದರು.